ಮಂದೆಗೊಂದು ಮನೆ ನಂಬರು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ನಮ್ಮ ಆರೋಗ್ಯ ಕೇಂದ್ರದ ಗೋಡೆ ಗಡಿಯಾರಕ್ಕೆ ಸೋಮವಾರ ಸೋಮವಾರ ಕೀಲಿ ಕೊಡುವ ಕೆಲಸ ನನ್ನದಾಗಿತ್ತು. ಕೀಲಿ ಕೊಟ್ಟು ಸ್ಟೂಲಿನಿಂದ ಇಳಿದು ನೋಡಿದರೆ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ತೋಳ ಅವರನ್ನು ಕಚ್ಚಿದ್ದು ಬೆಳಕು ಹರಿಯುವ ಹೊತ್ತಿಗೆ. ಕೆಡುವುದಕ್ಕೆ ಶುರುವಾದದ್ದು ಮಾತ್ರ ಒಂಬತ್ತು ಹತ್ತಕ್ಕೆ, ನನ್ನ ಪೆನ್ನಿನಿಂದ.

ಒಬ್ಬ ಚಿತ್ತಯ್ಯ, ನಲವತ್ತರ ಆಸುಪಾಸು. ಎಡಗೆನ್ನೆ ಹರಿದು ಹೋಗಿತ್ತು, ಅದರ ಮೇಲೆ ಸುಣ್ಣ, ಹೊಗೆಸೊಪ್ಪು ಮೆತ್ತಿದ್ದರು. ಇನ್ನೊಬ್ಬಳು ಅವನ ಅಕ್ಕ ಈರಕ್ಕ. ಅವಳ ಮೀನಖಂಡದಲ್ಲಿ ನಾಲ್ಕು ತೂತು. ಇಬ್ಬರೂ ಕುರಿ ಮಂದೆಯವರು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಕೊಂಡು ಊರಿಂದೂರಿಗೆ ನಡೆಯುವ ಜನ.

"ಏನು ಕಚ್ಚಿದ್ದು?" ಎಂದೆ.

"ತ್ವಾಳ ಸ್ವಾಮಿ," ಎಂದಳು ಈರಕ್ಕ. "ಮಂದೆಗ್ ನುಗ್ಗಿ ನೇರ ಇವನ್ ಮಕಕ್ಕೇ ಬಂದ್ಬುಡ್ತು. ಒಂದ್ ಕುರಿ ಮುಟ್ಲಿಲ್ಲ ನೋಡಿ. ಅಷ್ಟ್ ಕುರಿ ಬುಟ್ಟು ಇವನ್ನ ಹಿಡೀತು. ಅದ್ಕೂ ನಾಲ್ಗೆ ಕೆಟ್ಟಿತ್ತೇನೋ."

"ಸುಮ್ಕಿರಕ್ಕ," ಎಂದ ಚಿತ್ತಯ್ಯ. ಮಾತಾಡಿದರೆ ಕೆನ್ನೆಯಿಂದ ರಕ್ತ ಬರುತ್ತಿತ್ತು.

ಅವಳು ತೋಳದ ಬಾಲ ಹಿಡಿದು ಎಳೆದಳಂತೆ. ಅದು ತಿರುಗಿ ಅವಳ ಕಾಲು ಹಿಡಿಯಿತಂತೆ.

ಕುರಿ ಬಿಟ್ಟು ಮನುಷ್ಯನನ್ನು ಹಿಡಿದ ತೋಳ. ನಾನು ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು. ತೋಳಕ್ಕೆ ಎಷ್ಟು ಹಲ್ಲು ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ನಲವತ್ತೆರಡು ಎಂದು ಬರೆದು ಅಂಕ ಪಡೆದಿದ್ದೆ. ಹುಚ್ಚು ತೋಳದ ಹಲ್ಲು ಮನುಷ್ಯನಿಗೆ ನಾಟಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ನೀರು ಕಂಡರೆ ಹೆದರುವ ಆ ಕಾಯಿಲೆ ಶುರುವಾದ ಮೇಲೆ ಔಷಧವಿಲ್ಲ. ಶುರುವಾಗುವ ಮುಂಚೆ ಹೊಟ್ಟೆಗೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಹಾಕಬೇಕು. ಬೇಗ ಹಾಕಬೇಕು. ಗಾಯ ಮುಖದ ಮೇಲಿದ್ದರೆ ಇನ್ನೂ ಬೇಗ.

ಮೊದಲು ಕೆಂಪು ಸೋಪು ಹಚ್ಚಿ ಇಬ್ಬರ ಗಾಯವನ್ನೂ ಕಾಲು ಗಂಟೆ ತೊಳೆದೆ. ಅಲ್ಲಿಯವರೆಗೆ ಮಾಡಿದ್ದು ಸರಿ. ಆಮೇಲೆ ರಿಜಿಸ್ಟರ್ ತೆಗೆದೆ.

"ಯಾವ ಮನೆ?"

"ಹನುಮಂತರಾಯಪ್ಪನೋರ ಮನೆಯೋರು ಸ್ವಾಮಿ," ಎಂದ ಚಿತ್ತಯ್ಯ.

ಹನುಮಂತರಾಯಪ್ಪ ನನಗೆ ಗೊತ್ತಿದ್ದ ರೈತ. ಅವನ ಮನೆಗೆ ನಂಬರು ಬರೆದವನು ನಾನೇ. ನಲವತ್ತೊಂದು ಎಂದು ತುಂಬಿದೆ, ಎರಡೂ ಹೆಸರಿನ ಮುಂದೆ.

ಇದು ಯಾಕೆ ತಪ್ಪು ಎಂದು ಈಗ ಇಲಾಖೆಗೆ ಸೇರುತ್ತಿರುವವರಿಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಸೇರಿದ್ದು ಮಲೇರಿಯಾ ಕೆಲಸಕ್ಕೆ, ಪಾವಗಡ ತಾಲ್ಲೂಕಿಗೆ. ಒಂದು ಸೈಕಲ್ಲು, ಒಂದು ಖಾಕಿ ಚೀಲ, ಅದರಲ್ಲಿ ಗಾಜಿನ ಪಟ್ಟಿ, ಸೂಜಿ, ಮಾತ್ರೆ. ಜ್ವರ ಇರುವವರ ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ಗಾಜಿಗೆ ಸವರುವುದು, ಮಾತ್ರೆ ಕೊಡುವುದು. ಮೊದಲ ವಾರವೇ ಒಬ್ಬ ಮುದುಕಿ ಕೈ ಹಿಂದೆ ಬಚ್ಚಿಟ್ಟುಕೊಂಡು, "ಮಾ ರಕ್ತಂ ತೀಸ್ಕೊನಿ ಯಾಡ ಅಮ್ಮುತಾವು ನಾಯ್ನಾ?" ಎಂದಳು.

"ಎಲ್ಲೂ ಮಾರಲ್ಲಮ್ಮ. ಗಾಜಿನ ಕೆಳಗಿಟ್ಟು ನೋಡ್ತಾರೆ."

"ಚೂಸೇದಿ ಏಮುಂದಿ? ಕೆಂಪಗೇ ಐತದೆ," ಎಂದು, ನೋಡುವುದೇನಿದೆ ಎಂಬಂತೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿ ಬೆರಳು ಕೊಟ್ಟಳು. ವೈದ್ಯಶಾಸ್ತ್ರದ ಬಗ್ಗೆ ಅವಳಿಗೆ ಅದಕ್ಕಿಂತ ಹೆಚ್ಚು ಕುತೂಹಲವಿರಲಿಲ್ಲ.

ಆ ಕಾಲದ ನಮ್ಮ ನಮೂನೆಯಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಸಾಲಿತ್ತು: 'ಇತರೆ'. ಮನೆ ಇಲ್ಲದವರನ್ನು ಅಲ್ಲಿ ಬರೆಯಬಹುದಿತ್ತು. ನಾನು ಬರೆಯುತ್ತಿದ್ದೆ: 'ಹುಣಿಸೆಮರದ ಕೆಳಗೆ, ಮೂವರು.' 'ಬಾವಿ ತೋಡುವವರು, ಬಾವಿಯ ಒಳಗೆ.' 'ಕುರಿ ಮಂದೆ, ದಾರಿಯಲ್ಲಿ ಸಿಕ್ಕಿದ್ದು.' ಜ್ವರ ಎಲ್ಲಿತ್ತೋ ಸೂಜಿ ಅಲ್ಲಿಗೆ ಹೋಗುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಪದ್ಧತಿ ಬದಲಾಯಿತು. ಮಲೇರಿಯಾಕ್ಕೆ ಒಬ್ಬ, ಸಿಡುಬಿಗೆ ಒಬ್ಬ ಎಂಬುದು ಹೋಗಿ ಎಲ್ಲರನ್ನೂ ವಿವಿಧೋದ್ದೇಶ ಕಾರ್ಯಕರ್ತರನ್ನಾಗಿ ಮಾಡಿದರು. ಒಬ್ಬನೇ ಎಲ್ಲ ರೋಗವನ್ನೂ ನೋಡಿಕೊಳ್ಳಬೇಕು, ಆದರೆ ಒಂದೇ ಜಾಗದಲ್ಲಿ. ಅದಕ್ಕಾಗಿ ಪ್ರತಿ ಮನೆಗೂ ನಂಬರು, ಪ್ರತಿ ನಂಬರಿಗೂ ರಿಜಿಸ್ಟರಿನಲ್ಲಿ ಒಂದು ಹಾಳೆ. ಆಲೋಚನೆ ಒಳ್ಳೆಯದೇ. ಮನೆಯಿದ್ದವರಿಗೆ ಅದರಿಂದ ನಿಜವಾಗಿ ಅನುಕೂಲವಾಯಿತು. ಬಸುರಿ ಬಾಣಂತಿಯರನ್ನು ಮೊದಲ ಸಲ ಹೆಸರು ಹಿಡಿದು ಹುಡುಕಿಕೊಂಡು ಹೋದೆವು. ಹೊಸ ರಿಜಿಸ್ಟರಿನಲ್ಲಿ ಕೆಳಗಿನ ಆ ಒಂದು ಸಾಲು ಇರಲಿಲ್ಲ, ಅಷ್ಟೇ.

ನಾನಾಗ ಕೊರಟಗೆರೆ ಕಡೆ ಇದ್ದೆ. ಅಲ್ಲಿ ಬಂಡೆ ಒಡೆಯಲು ತಮಿಳುನಾಡಿನಿಂದ ಬಂದವರು ಗುಡ್ಡದ ಬುಡದಲ್ಲಿ ಗೋಣಿತಾಟು ಕಟ್ಟಿಕೊಂಡು ಇದ್ದರು. ನಾವು ನಂಬರು ಬರೆಯುತ್ತಿದ್ದ ಡಾಂಬರು ಗೋಣಿತಾಟಿನ ಮೇಲೆ ನಿಲ್ಲುವುದಿಲ್ಲ. ಒಂದು ಗುಡಿಸಲ ಬಾಗಿಲಿಗೆ ಒರಗಿಸಿದ್ದ ಚಪ್ಪಡಿಯ ಮೇಲೆ ಅಚ್ಚುಕಟ್ಟಾಗಿ ೧೧೨ ಎಂದು ಬರೆದು, ಆ ಮನೆಯ ಮಗುವಿಗೆ ನಾಯಿಕೆಮ್ಮಿನ ಮೊದಲ ಲಸಿಕೆ ಹಾಕಿಸಿ ಬಂದೆ. ಮುಂದಿನ ತಿಂಗಳು ಎರಡನೆಯದು ಹಾಕಲು ಹೋದರೆ ಚಪ್ಪಡಿ ಇರಲಿಲ್ಲ. ಮಾರುವುದಕ್ಕೆ ಕಡಿದ ಕಲ್ಲು ಅದು, ಲಾರಿ ಬಂದು ಬೆಂಗಳೂರಿಗೆ ಒಯ್ದಿತ್ತು. ಮಗುವನ್ನು ಕರೆದುಕೊಂಡು ಮನೆಯವರು ಬೇರೆ ಗುಡ್ಡಕ್ಕೆ ಹೋಗಿದ್ದರು.

ತಪಾಸಣೆಗೆ ಬಂದ ಮೇಲಧಿಕಾರಿ ಕೇಳಿದರು, "ನೂರಾ ಹನ್ನೆರಡು ಎಲ್ಲಿ?"

"ಲಾರಿಯಲ್ಲಿ ಹೋಯಿತು ಸಾರ್."

ಅವರು ಪುಸ್ತಕದಲ್ಲಿ 'ಮನೆ ಬೀಗ' ಎಂದು ಬರೆದುಕೊಂಡರು. ಹಾಗೆ ಬರೆಯಲು ಮಾತ್ರ ಜಾಗವಿತ್ತು. ಆ ಮಗುವಿನ ಎರಡನೆಯ ಸೂಜಿ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಇದನ್ನು ತಮಾಷೆಯ ಕತೆಯಂತೆ ಹೇಳಿಕೊಂಡು ತಿರುಗಿದೆ. ಪಾಠ ಕಲಿಯಬೇಕಾದ ಜಾಗ ಅದೇ ಆಗಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಮಧುಗಿರಿ ತಾಲ್ಲೂಕಿಗೆ, ಬಡವನಹಳ್ಳಿ ಕಡೆಯ ಒಂದು ಕೇಂದ್ರಕ್ಕೆ ಹೆಲ್ತ್ ಇನ್ಸ್‌ಪೆಕ್ಟರಾಗಿ ಬಂದೆ. ಅಲ್ಲಿನ ಡಾಕ್ಟರು ಬಹಳ ಶಿಸ್ತಿನವರು. ಸ್ಕೇಲು ಇಲ್ಲದೆ ಗೆರೆ ಎಳೆಯುತ್ತಿರಲಿಲ್ಲ. ಹುಚ್ಚುನಾಯಿ ಲಸಿಕೆಯ ಬಗ್ಗೆ ಹೊಸ ಸುತ್ತೋಲೆ ಬಂದದ್ದು ಅವರ ಕಾಲದಲ್ಲೇ. ಜನ ಮೂರು ಸೂಜಿ ಹಾಕಿಸಿಕೊಂಡು ನೋವೆಂದು ಓಡಿಹೋಗುತ್ತಿದ್ದರು, ಉಳಿದ ಲಸಿಕೆ ಕೆಡುತ್ತಿತ್ತು. ಆದ್ದರಿಂದ ಇನ್ನು ಮುಂದೆ ಹದಿನಾಲ್ಕರ ಒಂದೊಂದು ಪೆಟ್ಟಿಗೆಯನ್ನೂ ಹೆಸರು, ಮನೆ ನಂಬರು ನೋಡಿಯೇ ತರಿಸಬೇಕು, ಆ ಮನೆ ಯಾವ ಕೇಂದ್ರದ ವ್ಯಾಪ್ತಿಯಲ್ಲಿದೆಯೋ ಅಲ್ಲೇ ಹಾಕಬೇಕು. ಸುತ್ತೋಲೆ ಬರೆದವರು ಕೆಟ್ಟವರಲ್ಲ. ಅವರಿಗೆಲ್ಲ ಮನೆ ಇತ್ತು, ಅಷ್ಟೇ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ನಲವತ್ತೊಂದನೆಯ ನಂಬರಿನ ಮೇಲೆ ಎರಡು ಪೆಟ್ಟಿಗೆ ತರಿಸಿದೆವು. ಬುಧವಾರ ಬಸ್ಸಿನಲ್ಲಿ ಐಸಿನ ಜೊತೆ ಬಂದಿಳಿದವು. ಹನುಮಂತರಾಯಪ್ಪನ ಮನೆಗೆ ಹೋಗಿ, "ನಿಮ್ಮ ಮನೆಯವರನ್ನ ಸೂಜಿಗೆ ಕಳಿಸಿ," ಎಂದೆ.

"ನಮ್ಮನೆಯೋರ್ನಾ? ನಮ್ಮನೇಲ್ ಯಾರ್ಗೂ ಏನೂ ಕಚ್ಚಿಲ್ವಲ್ಲ."

"ಚಿತ್ತಯ್ಯ, ಈರಕ್ಕ."

"ಓ, ಮಂದೆಯೋರಾ! ಅವ್ರು ನಿನ್ನೇನೇ ಹೊಂಟೋದ್ರು ಇನಿಸ್ಪೆಟ್ರೇ. ಎರಡ್ ದಿನ ನಮ್ಮ ಹೊಲ್ದಾಗೆ ಮಂದೆ ಹಾಕಿದ್ರು, ಎರಡ್ ದಿನ ನಮ್ಮನೆಯೋರು. ಇವತ್ ಯಾರ ಮನೆಯೋರೋ ನಂಗೇನ್ ಗೊತ್ತು?"

ಆಗ ತಿಳಿಯಿತು. ಮಂದೆ ಯಾರ ಹೊಲದಲ್ಲಿ ಮಲಗುತ್ತದೋ ಆ ಮನೆಯವರು ಮಂದೆಯವರಿಗೆ ಮುದ್ದೆ ಹಾಕಬೇಕು. ಮುದ್ದೆ ಹಾಕಿದಷ್ಟು ದಿನ ಅವರು ಆ ಮನೆಯವರು. ಆ ಮನೆಯಲ್ಲಿ ಸೂತಕವಾದರೆ ಇವರೂ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಚಿತ್ತಯ್ಯ ನನಗೆ ನಿಜವನ್ನೇ ಹೇಳಿದ್ದ. ನಾನೂ ನಿಜವನ್ನೇ ಬರೆದಿದ್ದೆ. ಆ ನಿಜದ ಆಯುಷ್ಯ ಎರಡು ದಿನ, ಲಸಿಕೆ ಬಂದದ್ದು ಮೂರನೆಯ ದಿನ.

ಗುರುವಾರ ಇನ್ನೂ ಕೆಟ್ಟಿತು. ತಾವರೆಕೆರೆ ಕಡೆಯ ಇನ್ನೊಂದು ಕೇಂದ್ರದಿಂದ ನಮ್ಮ ಡಾಕ್ಟರಿಗೆ ಕಾಗದ ಬಂತು. ಚಿತ್ತಯ್ಯ, ಈರಕ್ಕ ಎಂಬಿಬ್ಬರು ಬಂದಿದ್ದಾರೆ, ರಂಗನಾಥಪ್ಪನ ಮನೆಯವರಂತೆ, ನಿಮ್ಮಲ್ಲಿ ಲಸಿಕೆಗೆ ಹೆಸರು ಬರೆಸಿದ್ದೇವೆ ಎನ್ನುತ್ತಾರೆ, ತಿಳಿಸಿ ಎಂದು. ಪಾಪ, ಅವರು ತಾವಾಗಿಯೇ ಹೋಗಿ ಕೇಳಿದ್ದರು. ಡಾಕ್ಟರು ಆ ಕಾಗದವನ್ನೂ ನಾನು ತುಂಬಿದ್ದ ನಮೂನೆಯನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಸ್ಕೇಲಿನಿಂದ ನೇರ ಮಾಡಿದರು.

"ಒಂದೇ ಹೆಸರು, ಎರಡು ಮನೆ. ಇದು ಬೋಗಸ್ ಕೇಸು ಕಣ್ರೀ."

"ಮಂದೆಯವರು ಸಾರ್. ಮುದ್ದೆ ಹಾಕಿದವರ ಮನೆ ಹೇಳ್ತಾರೆ."

"ಹೋಗಿ ಪರಿಶೀಲಿಸಿ ವರದಿ ಕೊಡಿ. ಅಲ್ಲೀವರೆಗೆ ಪೆಟ್ಟಿಗೆ ಮುಟ್ಟಬೇಡಿ."

ಶುಕ್ರವಾರ ಸರ್ಕಾರಿ ರಜೆ. ನಾನು ರಜೆ ಮಾಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಶನಿವಾರ ಬೆಳಿಗ್ಗೆ ತಾವರೆಕೆರೆಯಾಚೆ ಕಡಲೆಕಾಯಿ ಕಿತ್ತ ಒಂದು ಹೊಲದಲ್ಲಿ ಸಿಕ್ಕರು. ಚಿತ್ತಯ್ಯನ ಕೆನ್ನೆ ಬಾತಿತ್ತು, ಕಣ್ಣು ನಗುತ್ತಿತ್ತು. ನನಗೆ ಹೆದರಿಕೆಯಲ್ಲಿ ಸಿಟ್ಟು ಬಂದಿತ್ತು.

"ಒಂದೊಂದು ಕಡೆ ಒಂದೊಂದು ಮನೆ ಹೇಳ್ತೀರಲ್ಲ, ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳಾ?" ಈರಕ್ಕ ಸೊಂಟಕ್ಕೆ ಕೈ ಕೊಟ್ಟಳು. "ಯಾರ ಮುದ್ದೆ ತಿಂತೀವೋ ಅವ್ರ ಮನೆಯೋರು ಕಣಪ್ಪ. ನೀನ್ ಯಾರ್ ಮುದ್ದೆ ತಿಂತೀಯ?"

"ಸರ್ಕಾರದ್ದು."

"ಅಂಗಾರೆ ನೀನು ಸರ್ಕಾರದ ಮನೆಯೋನು. ನಿಮ್ ಸರ್ಕಾರದ ಮನೆ ನಂಬರ್ ಎಷ್ಟ್ಲಾ ಅಂತ ನಾವ್ ಯಾವತ್ತಾದ್ರೂ ಕೇಳಿದ್ವಾ?"

ಅವಳ ಆ ಮಾತಿನಿಂದಲೇ ನನಗೆ ಒಂದು ಉಪಾಯ ಹೊಳೆಯಿತು. ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ನಮ್ಮ ಕ್ವಾರ್ಟರ್ಸಿಗೆ ಕರೆತಂದೆ. ನನ್ನ ಹೆಂಡತಿ ಲಲಿತ ಏನೂ ಕೇಳದೆ ಮುದ್ದೆ ಕಟ್ಟಿ ಅವರೆಕಾಳು ಸಾರು ಬಡಿಸಿದಳು. ಅವರು ಕೈ ತೊಳೆಯುವಷ್ಟರಲ್ಲಿ ನಾನು ಹೊಸ ನಮೂನೆ ತುಂಬಿದ್ದೆ. ಮನೆ ನಂಬರು: ಮೂರು.

ಡಾಕ್ಟರು ಓದಿದರು. "ಮೂರು ನಿಮ್ಮದಲ್ವೇನ್ರೀ?"

"ಹೌದು ಸಾರ್."

"ಇವರು ನಿಮಗೇನಾಗಬೇಕು?"

"ಊಟ ಮಾಡಿದ್ದಾರೆ ಸಾರ್."

ಅವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆಮೇಲೆ ಸಹಿ ಹಾಕಿ, "ಸ್ಥಳ ಪರಿಶೀಲಿಸಲಾಗಿದೆ ಅಂತ ನೀವೇ ಬರೀರಿ," ಎಂದರು.

ಶನಿವಾರ ಮಧ್ಯಾಹ್ನ ಮೂರಕ್ಕೆ ಮೊದಲ ಸೂಜಿ. ಕಚ್ಚಿದ ಆರನೆಯ ದಿನ.

"ಹೊಟ್ಟೇಗ್ಯಾಕ್ ಚುಚ್ತೀಯ?" ಎಂದು ಈರಕ್ಕ ಕೂಗಿದಳು. "ಕಚ್ಚಿದ್ದು ಕಾಲ್ಗೆ ಕಣಪ್ಪ! ಓದಿರೋನು ತಾನೇ ನೀನು?"

ಅವಳ ಕಾಲು ಬಾತು ನಡೆಯುವಂತಿರಲಿಲ್ಲ, ನಮ್ಮ ಮನೆಯಲ್ಲೇ ಉಳಿದಳು. ಚಿತ್ತಯ್ಯನಿಗೂ ಉಳಿಯಲು ಹೇಳಿದೆ. ಹದಿನಾಲ್ಕು ದಿನ ಒಂದೇ ಕಡೆ ಎಂಬ ಮಾತು ಅವನಿಗೆ ಅರ್ಥವೇ ಆಗಲಿಲ್ಲ. ಮಂದೆ ಎರಡು ದಿನಕ್ಕಿಂತ ಹೆಚ್ಚು ಒಂದು ಹೊಲದಲ್ಲಿದ್ದರೆ ಮೇವು ಮುಗಿಯುತ್ತದೆ. ಮಂದೆ ಪಾವಗಡದ ಕಡೆಗೆ, ಅಲ್ಲಿಂದ ತಮ್ಮ ಸೀಮೆಗೆ ಹೊರಟಿತ್ತು.

"ನಿಮಗೆ ರಜ ಐತೆ. ಕುರಿಗೆ ರಜ ಐತಾ ಸ್ವಾಮಿ?" ಎಂದ. ಅವನು ಚುಚ್ಚಿ ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ನನಗೆ ಚುಚ್ಚಿತು.

ಹಾಗಾಗಿ ಸೂಜಿ ಅವನ ಹಿಂದೆ ಹೋಗುವುದೆಂದಾಯಿತು. ಡಾಕ್ಟರು ಒಪ್ಪಿದರು, ಒಂದು ಷರತ್ತಿನ ಮೇಲೆ. ಶಿರಾದಿಂದ ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರದ ಒಂದು ಸೆರಗು ಅಡ್ಡ ಬರುತ್ತದೆ. ನಮ್ಮ ಜಿಲ್ಲೆಯಿಂದ ನಮ್ಮ ಜಿಲ್ಲೆಗೇ ಹೋಗಲು ಪರರಾಜ್ಯ ದಾಟಬೇಕು. "ಲಸಿಕೆ ನಮ್ಮ ಸರ್ಕಾರದ್ದು. ಗಡಿ ದಾಟಿಸಬೇಡಿ," ಎಂದರು.

ಐದು ದಿನ ಎಲ್ಲವೂ ನಡೆಯಿತು. ಬೆಳಿಗ್ಗೆ ಬಸ್ಸಿನ ಮೇಲೆ ಸೈಕಲ್ಲು ಹಾಕಿ ಶಿರಾಕ್ಕೆ, ಅಲ್ಲಿ ಐಸ್‌ಕ್ಯಾಂಡಿ ಮಾಡುವ ಸಾಬರ ಹತ್ತಿರ ಫ್ಲಾಸ್ಕಿಗೆ ಐಸು. "ಆಜ್ ಭೀ ಬರಫ್? ರೋಜ್ ಖಾಯೇತೋ ಗಂಟ್ಲು ಕೆಟ್ಟೋಗ್ತದೆ ಸಾಬ್," ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಕುರಿ ಹಿಕ್ಕೆಯ ಜಾಡು. ಹಿಕ್ಕೆ ಹಸಿಯಿದ್ದರೆ ಮಂದೆ ಹತ್ತಿರ. ಚಿತ್ತಯ್ಯ ಜಾಲಿ ನೆರಳಲ್ಲಿ ಕಂಬಳಿ ಹಾಸಿಕೊಂಡು, ಅಂಗಿ ಎತ್ತಿ, ಆಕಾಶ ನೋಡುತ್ತ ಮಲಗುತ್ತಿದ್ದ. ಸುತ್ತ ಕುರಿಗಳು ನಿಂತು ನೋಡುತ್ತಿದ್ದವು. "ಅಕ್ಕ ನಿಮ್ಮನೆ ಉಪ್ಪಿನಕಾಯೆಲ್ಲ ಖಾಲಿ ಮಾಡಿರ್ಬೇಕು," ಎನ್ನುತ್ತಿದ್ದ. ಮಾಡಿದ್ದಳು. ಗುರುವಾರಕ್ಕೆ ಅವನದು ಆರು ಸೂಜಿ.

ಶುಕ್ರವಾರ ಮಂದೆ ಗಡಿ ದಾಟುವುದಿತ್ತು. ನಮ್ಮ ಕಡೆಯ ಕೊನೆಯ ಮೋರಿಯ ಹತ್ತಿರ ಮಧ್ಯಾಹ್ನದೊಳಗೆ ತಾನೇ ನಡೆದು ಬರುತ್ತೇನೆಂದು ಚಿತ್ತಯ್ಯ ಹೇಳಿದ್ದ. ನಾನು ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಮೋರಿಯ ಮೇಲೆ ಕೂತೆ. ಮೇಕೆ ಹೊಡೆದುಕೊಂಡು ಬಂದ ಒಬ್ಬ ಮುದುಕ ನಿಂತ.

"ಏಂ ಸಾಮಿ, ಐಸ್‌ಕ್ಯಾಂಡಿನಾ?"

"ಅಲ್ಲ, ಔಷಧಿ. ಕುರಿ ಮಂದೆ ಚಿತ್ತಯ್ಯನಿಗೆ."

"ಮಂದಾ? ಆ ಗುಟ್ಟ ಎನಕ ಉಂದಿ ಗದಾ. ಪೋ ಸಾಮಿ," ಎಂದು ಎದುರಿಗಿದ್ದ ಗುಡ್ಡದ ಹಿಂಬದಿಗೆ ಕೈ ತೋರಿಸಿದ. ಸೈಕಲ್ಲಿನಲ್ಲಿ ಅರ್ಧ ಗಂಟೆ.

"ಅದು ಆಂಧ್ರ," ಎಂದೆ.

ಮುದುಕ ಮೋರಿಯ ಈ ಕಡೆಯ ನೆಲ ನೋಡಿದ, ಆ ಕಡೆಯ ನೆಲ ನೋಡಿದ. "ಅವುನಾ?" ಎಂದು ಮೇಕೆಗಳನ್ನು ಆ ಕಡೆಗೆ ಹೊಡೆದುಕೊಂಡು ಹೋದ.

ಮೂರು ಗಂಟೆಯವರೆಗೆ ಕೂತಿದ್ದೆ. ಐಸು ಕರಗುತ್ತ ಬಂತು. ವಾಪಸು ಬಂದೆ. ಶನಿವಾರವೂ ಹೋಗಿ ಅದೇ ಮೋರಿಯ ಮೇಲೆ ಕೂತು ವಾಪಸು ಬಂದೆ. ನಲವತ್ತು ವರ್ಷಗಳಿಂದ ಮನಸ್ಸಿನಲ್ಲೇ ಆ ಮೋರಿಯ ಮೇಲಿಂದ ನಾನು ಎಷ್ಟು ಸಲ ಎದ್ದು ಸೈಕಲ್ಲು ಹತ್ತಿ ಗುಡ್ಡದ ಹಿಂದಕ್ಕೆ ಹೋಗಿದ್ದೇನೋ ಲೆಕ್ಕವಿಲ್ಲ. ಆ ಎರಡು ದಿನ ಮಾತ್ರ ಹೋಗಲಿಲ್ಲ.

ಭಾನುವಾರ ಪಾವಗಡ ತಾಲ್ಲೂಕಿನ ಒಳಗೆ ಮಂದೆ ಸಿಕ್ಕಿತು. ಈ ಸಲ ಕುರಿಗಳು ದೂರ ನಿಂತಿದ್ದವು. ಚಿತ್ತಯ್ಯ ಬೇವಿನ ಮರಕ್ಕೆ ಒರಗಿ ಕೂತಿದ್ದ. ಎರಡು ದಿನದಿಂದ ಜ್ವರ, ತಲೆನೋವು, ಕೆನ್ನೆಯಲ್ಲಿ ಇರುವೆ ಹರಿದಂತೆ ಎಂದು ಮಂದೆಯವರು ಹೇಳಿದರು. ಅದಕ್ಕೇ ಮೋರಿಗೆ ಬಂದಿರಲಿಲ್ಲ. ಒಬ್ಬ ಚೊಂಬಿನಲ್ಲಿ ನೀರು ತಂದ. ನೀರು ಹತ್ತಿರ ಬಂದಂತೆ ಚಿತ್ತಯ್ಯನ ಕುತ್ತಿಗೆ ಬಿಗಿಯಿತು. ಮುಖ ತಿರುಗಿಸಿದ. ಎಂಜಲು ನುಂಗಲಾಗದೆ ಗಡ್ಡದ ಮೇಲೆ ಇಳಿಯುತ್ತಿತ್ತು.

"ಬಾಯಾರೈತೆ ಸ್ವಾಮಿ. ನೀರು ಮಾತ್ರ ಬ್ಯಾಡ," ಎಂದ.

ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿ ಅವನಿಗೆ ಪೂರ್ತಿ ಅರಿವಿರುತ್ತದೆ ಎಂದು ಒಂದು ಸಾಲಿತ್ತು. ಅದರ ಅರ್ಥ ಅವತ್ತು ಗೊತ್ತಾಯಿತು.

"ಕುರಿ ಹಗ್ಗ ತಂದು ಕಟ್ಬುಡ್ರಪ್ಪ," ಎಂದ ತನ್ನವರಿಗೆ. "ನನ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ. ಯಾರ್ನಾದ್ರೂ ಹಿಡ್ದು ಗಿಡ್ದೇನು." ಅವರು ಅಳುತ್ತ ಮರಕ್ಕೆ ಕಟ್ಟಿದರು. ಬಿಗಿಯಾಯಿತು ಎಂದು ಒಬ್ಬ ಸಡಿಲಿಸಲು ಹೋದರೆ ಗದರಿದ.

ನಾನು ಏಳನೆಯ ಸೂಜಿಗೆ ಔಷಧಿ ತುಂಬಿಕೊಂಡು ನಿಂತಿದ್ದೆ. ಅದರಿಂದ ಇನ್ನು ಉಪಯೋಗವಿಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಾಗಿತ್ತು ಎಂದು ಕಾಣುತ್ತದೆ.

"ಹಾಕ್ಬುಡಿ ಸ್ವಾಮಿ. ಅಷ್ಟ್ ದೂರದಿಂದ ತಂದಿದೀರಿ."

ಹಾಕಿದೆ. ಸೂಜಿ ತೆಗೆಯುವಾಗ ಗಾಳಿ ಬೀಸಿತು, ಅಷ್ಟಕ್ಕೇ ಅವನ ಮೈಯೆಲ್ಲ ಸೆಟೆದು ತಲೆ ಮುಂದಕ್ಕೆ ಬಂತು. ನನ್ನ ಬಲಗೈ ಮಣಿಕಟ್ಟಿಗೆ ಅವನ ಹಲ್ಲು ತಾಗಿತು. ಅಲ್ಲಿ ಸೈಕಲ್ ಚೈನು ತರಚಿದ ಗಾಯವಿತ್ತು. ಕಚ್ಚಿದನೋ, ತಾಗಿತೋ, ಬರೀ ಎಂಜಲು ಬಿತ್ತೋ, ಇವತ್ತಿಗೂ ನನ್ನಲ್ಲಿ ತೀರ್ಮಾನವಾಗಿಲ್ಲ. ಸೆಟೆತ ಇಳಿದ ಮೇಲೆ ಅವನೇ ಮೊದಲು ನನ್ನ ಕೈ ನೋಡಿದ.

"ತೊಳ್ಕಳಿ ಸ್ವಾಮಿ, ಬ್ಯಾಗ ತೊಳ್ಕಳಿ," ಎಂದು ಅತ್ತ.

ಪಂಪ್‌ಸೆಟ್ಟಿನ ನೀರಿನಲ್ಲಿ, ಯಾರದೋ ಬಟ್ಟೆ ಸೋಪಿನಲ್ಲಿ, ಕಾಲು ಗಂಟೆ ತೊಳೆದೆ. ಮಾರನೆಯ ದಿನ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಚಿತ್ತಯ್ಯ ಹೋದ. ನಾನು ಗಾಡಿಯ ಹಿಂದೆ ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಡಾಕ್ಟರು ನನ್ನ ಮಣಿಕಟ್ಟು ನೋಡಿ, ತಾವೇ ನಮೂನೆ ತುಂಬಲು ಕೂತರು.

"ಮನೆ ನಂಬರು?"

"ಮೂರು."

ಅವರ ಪೆನ್ನು ನಿಂತಿತು. ಮೂರನೆಯ ನಂಬರಿಗೆ ಬದಲಾಯಿಸಿ ಬರೆದಿದ್ದ ಪೆಟ್ಟಿಗೆ ಅಲ್ಲೇ ಇತ್ತು. ಅದರಲ್ಲಿ ಚಿತ್ತಯ್ಯನ ಏಳು ಸೂಜಿ ಉಳಿದಿದ್ದವು. ಅದನ್ನೇ ತೆಗೆದು ನನಗೆ ಹಾಕಿದರು. ಯಾವ ಪರಿಶೀಲನೆಯೂ ಬೇಕಾಗಲಿಲ್ಲ. ನನ್ನ ಹದಿನಾಲ್ಕಕ್ಕೆ ಬೇಕಾದ ಇನ್ನೇಳು ಕೂಡ ಹೊತ್ತಿಗೆ ಸರಿಯಾಗಿ ಬಂದವು. ಕಾಗದದ ಪ್ರಕಾರ ಒಂದೇ ಮನೆ, ಒಂದೇ ಪೆಟ್ಟಿಗೆ, ಎಲ್ಲ ಕ್ರಮವಾಗಿತ್ತು.

ತಮ್ಮನ ಸುದ್ದಿಯನ್ನು ಈರಕ್ಕನಿಗೆ ಹೇಳಿದವಳು ಲಲಿತ. ಈರಕ್ಕ ಹಿತ್ತಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು. ಮಧ್ಯಾಹ್ನ ನನ್ನ ಎದುರು ಕೂತು ಕೇಳಿದಳು.

"ಅವನ್ ಪಾಲಿನ್ ಸೂಜಿ ನಿಂಗ್ ಹಾಕಿದ್ರಾ?"

"ಹೂಂ."

"ಹಾಕುಸ್ಕೋ. ಕೆಟ್ಟೋಗ್ಬಾರ್ದು."

ಇನ್ನು ಮೂರು ದಿನ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹೊಟ್ಟೆಗೆ ಸೂಜಿ ಹಾಕಿಸಿಕೊಂಡೆವು. ನಾನು ಕೂಗಿದರೆ ಅವಳು, "ಕಾಲಿಗ್ ಕಚ್ಚಿದ್ರೂ ಹೊಟ್ಟೇಗೇ ಕಣಪ್ಪ, ಗೊತ್ತಾಯ್ತಾ?" ಎನ್ನುತ್ತಿದ್ದಳು. ಅವಳ ಹದಿನಾಲ್ಕು ಮುಗಿದ ಮಾರನೆಯ ದಿನ ಹೊರಟಳು. ಮೊದಲ ಸೂಜಿ ಅವಳಿಗೂ ಆರನೆಯ ದಿನವೇ ಬಿದ್ದಿತ್ತು. ಆ ಕಾಯಿಲೆ ತಿಂಗಳುಗಟ್ಟಲೆ ಅಡಗಿ ಕೂತು ಏಳಬಹುದು. ನಿನ್ನ ಸುದ್ದಿ ನನಗೆ ಹೇಗೆ ಗೊತ್ತಾಗಬೇಕು, ವಿಳಾಸ ಹೇಳು ಎಂದೆ.

"ಇಳಾಸ ಎಲ್ಲೈತೆ? ಬದ್ಕಿದ್ರೆ ಮುಂದಿನ್ ಸುಗ್ಗೀಗೆ ಬತ್ತೀನಿ. ಇಲ್ದಿದ್ರೆ ಬರಲ್ಲ. ಅದ್ರಲ್ಲೇ ಗೊತ್ತಾಯ್ತದೆ."

ಆ ವರ್ಷ ನಾನು ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚುತ್ತಿದ್ದೆ, ತೆರೆಯುತ್ತಿದ್ದೆ. ಎದ್ದ ಕೂಡಲೇ ಚೊಂಬಿಗೆ ನೀರು ತುಂಬಿ ಅದನ್ನು ನೋಡುತ್ತ ಕೂರುತ್ತಿದ್ದೆ, ಕುತ್ತಿಗೆ ಬಿಗಿಯುತ್ತದೆಯೇ ಎಂದು. "ನೀರು ಇರೋದು ಕುಡಿಯೋಕೆ, ನೋಡೋಕಲ್ಲ," ಎಂದು ಲಲಿತ ಚೊಂಬು ಬಾಯಿಗೆ ಹಿಡಿಯುತ್ತಿದ್ದಳು. ಕುಡಿದರೆ ಆ ದಿನಕ್ಕೆ ನಾನು ಪಾಸು. ಆಮೇಲೆ ಈರಕ್ಕನ ಯೋಚನೆ. ಅವಳ ಮುಂದೆ ಯಾರು ಚೊಂಬು ಹಿಡಿಯುತ್ತಾರೋ, ಯಾವ ಹೊಲದಲ್ಲೋ. ವಿಚಾರಿಸಿ ಒಂದು ಕಾರ್ಡು ಹಾಕೋಣವೆಂದರೆ ಅದರ ಮೇಲೆ ಬರೆಯುವುದಕ್ಕೆ ನಂಬರಿರಲಿಲ್ಲ.

ಡಾಕ್ಟರು ಒಂದು ಸಲ ನನ್ನನ್ನು ಕೂರಿಸಿಕೊಂಡು, "ಮುಖಕ್ಕೆ ಕಚ್ಚಿದ್ದು, ತೋಳ ಬೇರೆ. ಮೊದಲ ದಿನವೇ ಹಾಕಿದ್ದರೂ ಉಳಿಯುತ್ತಿದ್ದನೋ ಇಲ್ಲವೋ," ಎಂದರು. ಅದು ನಿಜವಿರಬಹುದು. ನಾನು ಆ ಮಾತನ್ನು ನಂಬಿಯೂ ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದೆ. ಅವರು ಮನೆಯಿಲ್ಲದವರಿಗೆ ರಿಜಿಸ್ಟರಿನಲ್ಲಿ ಜಾಗ ಬೇಕೆಂದು ಮೇಲಕ್ಕೆ ಬರೆದರು, ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಆಗ ಅವರು ಮಾಡಿದ್ದನ್ನು ನೆನೆದರೆ ಇವತ್ತಿಗೂ ಅವರ ಮೇಲೆ ಗೌರವ ಬರುತ್ತದೆ. ನಮ್ಮ ಕೇಂದ್ರದ ರಿಜಿಸ್ಟರ್ ತರಿಸಿಕೊಂಡು, ಪ್ರತಿ ಹಾಳೆಯ ಕೆಳಗೂ ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಒಂದೊಂದು ಗೆರೆ ಎಳೆದು 'ಇತರೆ' ಎಂದು ಬರೆದರು. ಎರಡು ಮಧ್ಯಾಹ್ನ ಹಿಡಿಯಿತು. ಯಾರ ಅಪ್ಪಣೆಯೂ ಇರಲಿಲ್ಲ.

ಮುಂದಿನ ಸುಗ್ಗಿ ಮುಗಿಯಿತು. ರಾಗಿ ಕಣ ಎದ್ದವು. ಒಂದು ಭಾನುವಾರ ಮಧ್ಯಾಹ್ನ ಹನುಮಂತರಾಯಪ್ಪ ಕ್ವಾರ್ಟರ್ಸಿನ ಮುಂದೆ ನಿಂತು ಕೂಗಿದ, "ಇನಿಸ್ಪೆಟ್ರೇ, ನಮ್ಮನೆಯೋರು ಬಂದವ್ರೆ, ಬನ್ನಿ!"

ಸೈಕಲ್ಲು ತುಳಿದುಕೊಂಡು ಹೋದೆ. ಹೊಲದ ತುಂಬ ಕುರಿ. ನಡುವೆ ಈರಕ್ಕ, ಸ್ವಲ್ಪ ಕುಂಟುತ್ತ. ನನ್ನನ್ನು ನೋಡಿ ನಿಂತಳು.

"ಬದ್ಕಿದೀಯೇನ್ಲಾ?"

"ನೀನು?"

"ಕಾಣಾಕಿಲ್ವಾ?" ಎಂದು ಕಲ್ಲಿನ ಮೇಲೆ ಕೂರಿಸಿದಳು. ಹನುಮಂತರಾಯಪ್ಪನ ಮನೆಯಿಂದ ಬಂದ ಮುದ್ದೆಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಆಮೇಲೆ ಎರಡು ಚೊಂಬು ನೀರು ತಂದಳು. ಒಂದು ನನಗೆ, ಒಂದು ಅವಳಿಗೆ. ಯಾರು ಮೊದಲು ಎಂದು ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಎತ್ತಿ ಗಟಗಟ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನೂ ಕುಡಿದೆ.

"ನಮ್ ಸೊಸೆ ಬಸ್ರಿ. ಅದೇನೋ ಸೂಜಿ ಹಾಕ್ತೀರಂತಲ್ಲ, ಬರ್ಕೋ," ಎಂದಳು.

ಚೀಲದಲ್ಲಿದ್ದ ರಿಜಿಸ್ಟರ್ ತೆಗೆದೆ. ಯಾವ ಮನೆ ಎಂದು ಕೇಳಲಿಲ್ಲ. ಕೆಂಪು ಗೆರೆಯ ಕೆಳಗೆ ಹೆಸರು ಬರೆದು, "ನಾಳಿದ್ದು ಎಲ್ಲಿಗೆ? ಅದರಾಚೆ?" ಎಂದು ಕೇಳಿ, ಮಂದೆ ನಿಲ್ಲುವ ಊರುಗಳನ್ನು ಪಾವಗಡದವರೆಗೆ ಒಂದರ ಕೆಳಗೊಂದು ಬರೆದುಕೊಂಡೆ. ನಡುವಿನ ಎರಡು ಊರು ಆಂಧ್ರದವು. ಅವನ್ನೂ ಬರೆದೆ.

"ಹೋದ್ ವರ್ಸ ಇಂಗ್ ಕೇಳೋಕ್ ನಿಂಗೇನಾಗಿತ್ತು?" ಎಂದಳು ಈರಕ್ಕ. ಉತ್ತರ ಬೇಕೆಂದು ಕೇಳಿದ್ದಲ್ಲ. ಎದ್ದು ಕುರಿ ಕಡೆ ಹೋದಳು.

ಹೊಲಕ್ಕೆ ಹೋಗಬೇಕಾದವರು ನೀವು, ಸೇರುತ್ತಿರುವವರು. ನಮೂನೆಗಳು ಬದಲಾಗುತ್ತಿರುತ್ತವೆ, ಪ್ರತಿಯೊಂದರಲ್ಲೂ ಯಾರನ್ನೋ ಬರೆಯಲು ಜಾಗವಿರುವುದಿಲ್ಲ. ಮೊದಲು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿ. ಸ್ಕೇಲು ಜೊತೆಗಿರಲಿ.

ಆ ಸಂಜೆ ಕತ್ತಲಾಗುವ ಮುಂಚೆ ಮನೆಗೆ ಬಂದು ಸುಮ್ಮನೆ ಒರಗಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಲಲಿತ ಪಕ್ಕದಲ್ಲಿ ಕೂತಿದ್ದಳು. ಒಂದೆರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳಂತೆ. ಓಡಿಕೊಂಡು ಕೇಂದ್ರಕ್ಕೆ ಹೋದರೆ ಡಾಕ್ಟರು ಗೋಡೆ ಗಡಿಯಾರದ ಕೆಳಗೆ ನಿಂತಿದ್ದರು. ಸೋಮವಾರ. ಕೀಲಿಯಿಲ್ಲದೆ ಅದು ನಿಂತುಹೋಗಿತ್ತು.

"ಏನ್ರೀ ಇದು?" ಎಂದರು.

"ನಿದ್ದೆ ಬಂತು ಸಾರ್," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ತಾವೇ ಸ್ಟೂಲು ಎಳೆದುಕೊಂಡು ಹತ್ತಿದರು.